ಚಿತ್ರಕಲೆಯ ಪದವಿ ನಡೆದು ಬಂದ ದಾರಿ

ಕಳೆದ ವರ್ಷ ದ್ವಿತೀಯ ಪಿಯುಸಿ ಫಲಿತಾಂಶ ಬಂದ ವಾರದಲ್ಲಿ ನಮ್ಮ ಶಾಲೆಯ ಹಳೆಯ ವಿದ್ಯಾರ್ಥಿನಿಯೊಬ್ಬಳು ತಂದೆಯೊಂದಿಗೆ ನನ್ನನ್ನು ಕಾಣಲು ಬಂದಳು. ಕೈಯಲ್ಲಿ ಒಂದು ಕಾಲೇಜಿನ ಅರ್ಜಿ, ಒಂದು ವಿದ್ಯಾರ್ಥಿವೇತನದ ಅರ್ಜಿ. ಅವಳಿಗೆ ಚಿತ್ರ ಬರೆಯಲು ಕಲಿಯಬೇಕು, ಕಲೆಯ ಇತಿಹಾಸ ಓದಬೇಕು, ಸಿನಿಮಾ ತೆಗೆಯುವುದನ್ನೂ ತಿಳಿಯಬೇಕು. ಈ ಮೂರರಲ್ಲಿ ಯಾವುದನ್ನು ಬಿಡಲಿ ಎಂಬುದು ಅವಳ ಪ್ರಶ್ನೆ. ತಂದೆ ಹೊಲಿಗೆ ಕೆಲಸದವರು. ಅವರದು ಒಂದೇ ಮಾತು: "ಮೇಷ್ಟ್ರೇ, ಇದು ಓದೇ?" ವಿದ್ಯಾರ್ಥಿವೇತನದ ಅರ್ಜಿಯಲ್ಲಿ ವೈದ್ಯಕೀಯ, ಇಂಜಿನಿಯರಿಂಗ್, ನರ್ಸಿಂಗ್, ಬಿ.ಇಡಿ. ಎಂದೆಲ್ಲಾ ಚೌಕಗಳಿದ್ದವು, ಕಟ್ಟಕಡೆಗೆ 'ಇತರೆ'.

ಭಾಷೆ ಕಲಿಸುವ ನನಗೆ ಕೂಡಲೇ ಉತ್ತರ ಹೊಳೆಯಲಿಲ್ಲ. ಒಂದು ವಾರದ ಕಾಲಾವಕಾಶ ಕೇಳಿ, ಸಿಕ್ಕಿದ್ದನ್ನು ಓದಿದೆ. ಓದುತ್ತಾ ಹೋದಂತೆ ತಂದೆಯ ಪ್ರಶ್ನೆಗೆ ಒಂದೂವರೆ ಶತಮಾನಕ್ಕೂ ಮಿಕ್ಕಿದ ಚರಿತ್ರೆಯಿದೆ ಎಂದು ತಿಳಿಯಿತು.

ನಮ್ಮ ದೇಶದಲ್ಲಿ ಇಂಗ್ಲಿಷ್ ಮಾದರಿಯ ಕಲಾಶಾಲೆಗಳು ಆರಂಭವಾದದ್ದು ಬ್ರಿಟಿಷರ ಕಾಲದಲ್ಲಿ. 1850ರಲ್ಲಿ ಅಲೆಕ್ಸಾಂಡರ್ ಹಂಟರ್ ಎಂಬ ವೈದ್ಯರು ಮದ್ರಾಸಿನಲ್ಲಿ ಒಂದು ಶಾಲೆ ತೆರೆದರು. 1854ರಲ್ಲಿ ಕಲ್ಕತ್ತಾ, 1857ರಲ್ಲಿ ಬೊಂಬಾಯಿ, 1875ರಲ್ಲಿ ಲಾಹೋರ್. ಬೊಂಬಾಯಿಯ ಶಾಲೆಗೆ ಪಾರ್ಸಿ ವರ್ತಕ ಜಮ್ಷೆಟ್‌ಜಿ ಜೀಜೀಭಾಯಿ ಒಂದು ಲಕ್ಷ ರೂಪಾಯಿ ದಾನ ಕೊಟ್ಟಿದ್ದರು. ಒಳ್ಳೆಯ ಕುಶಲಕರ್ಮಿಗಳನ್ನು, ನಕ್ಷೆಗಾರರನ್ನು, ಡ್ರಾಯಿಂಗ್ ಮೇಷ್ಟರನ್ನು ತಯಾರು ಮಾಡುವುದು ಈ ಶಾಲೆಗಳ ಮುಖ್ಯ ಗುರಿಯಾಗಿತ್ತು. ಮೈಸೂರಿನಲ್ಲಿ 1906ರಲ್ಲಿ ಅಡಿಗಲ್ಲು ಕಂಡ ಚಾಮರಾಜೇಂದ್ರ ತಾಂತ್ರಿಕ ಸಂಸ್ಥೆಯ ಹೆಸರಲ್ಲೇ 'ತಾಂತ್ರಿಕ' ಎಂದಿದೆ ನೋಡಿ. ಕಲೆ ಎಂದರೆ ಕೈಕೆಲಸ. ಓದು ಎಂಬುದು ವಿಶ್ವವಿದ್ಯಾಲಯದ ಸೊತ್ತು. ನಮ್ಮ ಹೊಲಿಗೆಯವರ ಸಂದೇಹ ಹುಟ್ಟಿದ್ದು ಇಲ್ಲೇ ಇರಬೇಕು ಎಂದು ನನ್ನ ಊಹೆ.

ಈ ಬೇಲಿಯನ್ನು ಮೊದಲು ಕಿತ್ತವರಲ್ಲಿ ಶಾಂತಿನಿಕೇತನದವರು ಪ್ರಮುಖರು. 1919ರಲ್ಲಿ ರವೀಂದ್ರನಾಥ ಟಾಗೋರರು ಅಲ್ಲಿ ಕಲಾಭವನ ಆರಂಭಿಸಿದರು. ಅದನ್ನು ಬೆಳೆಸಿದವರು ನಂದಲಾಲ್ ಬೋಸ್. ಕಲ್ಕತ್ತಾದಲ್ಲಿ ಅವನೀಂದ್ರನಾಥ ಟಾಗೋರರ ಬಳಿ ನಂದಲಾಲರ ಜೊತೆಗೆ ಕಲಿತವರಲ್ಲಿ ಮೈಸೂರು ಮಹಾರಾಜರ ನೆರವಿನಿಂದ ಹೋಗಿದ್ದ ನಮ್ಮ ಕೆ. ವೆಂಕಟಪ್ಪನವರೂ ಒಬ್ಬರು.

ಕಲಾಭವನಕ್ಕೆ 1940ರಲ್ಲಿ ಒಬ್ಬ ತರುಣ ಬಂದರು. ಕಲ್ಕತ್ತಾದ ಪ್ರೆಸಿಡೆನ್ಸಿ ಕಾಲೇಜಿನಲ್ಲಿ ಅರ್ಥಶಾಸ್ತ್ರದ ಪದವಿ ಮುಗಿಸಿದ್ದರು; ಅದರಲ್ಲಿ ಆಸಕ್ತಿ ಇರಲಿಲ್ಲ. ನಂದಲಾಲರು ಮತ್ತು ಬಿನೋದ್ ಬಿಹಾರಿ ಮುಖರ್ಜಿಯವರ ಬಳಿ ಕಲಿತರು. ಅಜಂತಾ, ಎಲ್ಲೋರಾಗಳನ್ನು ಕಣ್ಣಾರೆ ನೋಡಿ ಬಂದರು. ಅಲ್ಲಿನ ಗ್ರಂಥಾಲಯದಲ್ಲಿ ಸಿನಿಮಾ ಕುರಿತ ಪುಸ್ತಕಗಳು ಸಿಕ್ಕವು, ಓದಿದರು. 1942ರಲ್ಲಿ ಕೋರ್ಸು ಪೂರ್ತಿ ಮಾಡದೆ ಹೊರಟು, ಮರುವರ್ಷ ಒಂದು ಜಾಹೀರಾತು ಕಂಪನಿಯಲ್ಲಿ ಚಿತ್ರಗಾರರಾಗಿ ಸೇರಿದರು. ಅವರೇ 1955ರಲ್ಲಿ 'ಪಥೇರ್ ಪಾಂಚಾಲಿ' ಕೊಟ್ಟ ಸತ್ಯಜಿತ್ ರಾಯ್. ಗುರು ಬಿನೋದ್ ಬಿಹಾರಿಯವರು ನಡುವಯಸ್ಸಿನಲ್ಲಿ ಪೂರ್ಣ ದೃಷ್ಟಿ ಕಳೆದುಕೊಂಡರು, ಆದರೂ ಕೆಲಸ ಬಿಡಲಿಲ್ಲ. ರಾಯ್ 1972ರಲ್ಲಿ ಅವರ ಮೇಲೆ 'ದಿ ಇನ್ನರ್ ಐ' ಎಂಬ ಸಾಕ್ಷ್ಯಚಿತ್ರ ತೆಗೆದರು. ಕುಂಚ ಹಿಡಿಯಲು ಕಲಿಸಿದ ಮೇಷ್ಟರಿಗೆ ಶಿಷ್ಯ ಕ್ಯಾಮರಾದಿಂದ ಗುರುದಕ್ಷಿಣೆ ಸಲ್ಲಿಸಿದ್ದು ಶಿಕ್ಷಕನಾದ ನನಗೆ ಬಹಳ ಹಿಡಿಸಿತು.

ರಾಯ್ ಹೊರಟ ಮೇಲೆ, 1944ರಲ್ಲಿ, ಕೇರಳದ ಇನ್ನೊಬ್ಬ ಅರ್ಥಶಾಸ್ತ್ರದ ವಿದ್ಯಾರ್ಥಿ ಅಲ್ಲಿಗೆ ಬಂದರು. ಮದ್ರಾಸಿನಲ್ಲಿ ಓದುತ್ತಿದ್ದಾಗ ಕ್ವಿಟ್ ಇಂಡಿಯಾ ಚಳವಳಿಗೆ ಧುಮುಕಿ ಜೈಲು ಕಂಡವರು. ಸರ್ಕಾರಿ ಕಾಲೇಜುಗಳ ಬಾಗಿಲು ಅವರಿಗೆ ಮುಚ್ಚಿತ್ತು. ಹೆಸರು ಕೆ.ಜಿ. ಸುಬ್ರಮಣ್ಯನ್. ಈ ಹೆಸರು ನೆನಪಿಡಿ. ನನ್ನ ವಿದ್ಯಾರ್ಥಿನಿಗೆ ಉತ್ತರ ಸಿಕ್ಕಿದ್ದು ಅವರು ಮುಂದೆ ಪಾಠ ಹೇಳಿದ ಊರಿನಿಂದ.

ಆ ಊರು ಬರೋಡ, ಇಂದಿನ ವಡೋದರ. 1949ರಲ್ಲಿ ಅಲ್ಲಿ ಮಹಾರಾಜಾ ಸಯಾಜಿರಾವ್ ವಿಶ್ವವಿದ್ಯಾಲಯ ಸ್ಥಾಪನೆಯಾಯಿತು. ಉಪಕುಲಪತಿ ಹಂಸಾ ಮೆಹ್ತಾ ಎಂಬ ಮಹಿಳೆ. ಸಂವಿಧಾನ ರಚನಾ ಸಭೆಯ ಸದಸ್ಯೆ. ಅವರ ಕಾಲದಲ್ಲಿ, 1950ರಲ್ಲಿ, ವಿಶ್ವವಿದ್ಯಾಲಯದ ಒಳಗೇ ಲಲಿತಕಲಾ ವಿಭಾಗ ತೆರೆಯಿತು. ಮಾರ್ಕಂಡ್ ಭಟ್ ಮೊದಲ ಡೀನ್. ಚಿತ್ರಕಲೆಗೆ ಎನ್.ಎಸ್. ಬೇಂದ್ರೆ (ನಮ್ಮ ವರಕವಿ ಅಲ್ಲ, ಇಂದೋರಿನ ಚಿತ್ರಗಾರರು), ಶಿಲ್ಪಕಲೆಗೆ ಶಂಖೋ ಚೌಧುರಿ. ಮರುವರ್ಷ ಸುಬ್ರಮಣ್ಯನ್ ಬಂದು ಸೇರಿದರು. ಹಿಂದಿನ ಶಾಲೆಗಳು ಡಿಪ್ಲೊಮಾ ಕೊಡುತ್ತಿದ್ದಲ್ಲಿ ಇಲ್ಲಿ ಬಿ.ಎ., ಎಂ.ಎ.ಗೆ ಸಮನಾದ ಪದವಿ. ಕೈಯಲ್ಲಿ ಮಾಡುವವರು ಕಲೆಯ ಇತಿಹಾಸವನ್ನೂ ಓದಬೇಕು. ಇತಿಹಾಸ ಓದುವವರು ಸ್ಟುಡಿಯೋದ ಪಕ್ಕದ ಕೋಣೆಯಲ್ಲೇ ಇರುತ್ತಾರೆ. ಬಣ್ಣದ ವಾಸನೆ ಮತ್ತು ಪುಸ್ತಕದ ವಾಸನೆ ಒಂದೇ ಸೂರಿನಡಿ ಬಂದವು.

1955ರಲ್ಲಿ ಸೌರಾಷ್ಟ್ರದ ಸುರೇಂದ್ರನಗರ ಎಂಬ ಸಣ್ಣ ಊರಿನಿಂದ ಗುಲಾಂ ಮೊಹಮ್ಮದ್ ಶೇಖ್ ಎಂಬ ಹುಡುಗ ಇಲ್ಲಿಗೆ ಬಂದರು. ವಯಸ್ಸು ಹದಿನೆಂಟು, ಹೆಚ್ಚುಕಡಿಮೆ ನಮ್ಮ ಹುಡುಗಿಯ ವಯಸ್ಸೇ. 1961ರಲ್ಲಿ ಚಿತ್ರಕಲೆಯಲ್ಲಿ ಎಂ.ಎ. ಮಾಡಿದರು. ಆದರೆ ಅಧ್ಯಾಪಕರಾಗಿ ಮೊದಲು ಕಲಿಸಿದ್ದು ಕಲಾ ಇತಿಹಾಸ! ನಡುವೆ ಲಂಡನ್ನಿನ ರಾಯಲ್ ಕಾಲೇಜ್ ಆಫ್ ಆರ್ಟ್‌ನಲ್ಲಿ ಓದಿ 1966ರಲ್ಲಿ ಮುಗಿಸಿದರು. ಹಿಂತಿರುಗಿ 1980ರ ದಶಕದ ಆರಂಭದವರೆಗೂ ಇತಿಹಾಸದ ಪಾಠ, ಅನಂತರ 1993ರವರೆಗೆ ಚಿತ್ರಕಲೆಯ ಪ್ರಾಧ್ಯಾಪಕರು. ಜೊತೆಗೆ ಗುಜರಾತಿಯಲ್ಲಿ ಕವಿ. ಅವರ 'ಸಿಟಿ ಫಾರ್ ಸೇಲ್' ಎಂಬ ದೊಡ್ಡ ಚಿತ್ರವನ್ನು (1981-84) ಅಚ್ಚಿನಲ್ಲಿ ನೋಡಿದೆ. ಮೂಲ ಲಂಡನ್ನಿನ ವಿಕ್ಟೋರಿಯಾ ಅಂಡ್ ಆಲ್ಬರ್ಟ್ ಮ್ಯೂಸಿಯಂನಲ್ಲಿದೆ. ಬರೋಡದ ಬೀದಿಗಳು, ತರಕಾರಿ ಮಾರುವವಳು, ಕೋಮುಗಲಭೆಯ ಬೆಂಕಿ. ಇದರ ನಡುವೆ ಚಿತ್ರಮಂದಿರವೊಂದರಲ್ಲಿ 'ಸಿಲ್‌ಸಿಲಾ' ಸಿನಿಮಾ ಓಡುತ್ತಿದೆ. ಊರು ಉರಿಯುವಾಗ ಜನ ಪ್ರೇಮಕಥೆ ನೋಡುತ್ತಾ ಕುಳಿತಿದ್ದಾರೆ. ಕೈ, ಇತಿಹಾಸ, ಸಿನಿಮಾ ಮೂರೂ ಒಂದೇ ಕ್ಯಾನ್ವಾಸಿನಲ್ಲಿ ಸಿಕ್ಕಾಗ ನನಗೆ ಆ ಅರ್ಜಿ ನೆನಪಾಯಿತು.

ಹೆಣ್ಣುಮಕ್ಕಳ ತಂದೆತಾಯಿಯರಿಗೆ ಇನ್ನೊಂದು ಹೆಸರು ಹೇಳಬೇಕು: ನಸ್ರೀನ್ ಮೊಹಮದಿ. 1937ರಲ್ಲಿ ಕರಾಚಿಯಲ್ಲಿ ಜನನ, ಬೊಂಬಾಯಿಯಲ್ಲಿ ಬಾಲ್ಯ, ಲಂಡನ್ನಿನಲ್ಲಿ ಕಲಾಶಿಕ್ಷಣ. 1972ರಿಂದ ಬರೋಡದಲ್ಲಿ ಅಧ್ಯಾಪಕಿ. ಕಾಗದದ ಮೇಲೆ ಪೆನ್ಸಿಲು, ಶಾಯಿಯ ತೆಳು ಗೆರೆಗಳು, ಅಷ್ಟೇ ಅವರ ಕೆಲಸ. 1990ರಲ್ಲಿ ತೀರಿಕೊಂಡರು. 2016ರಲ್ಲಿ ನ್ಯೂಯಾರ್ಕಿನ ಮೆಟ್ರೊಪಾಲಿಟನ್ ಮ್ಯೂಸಿಯಂ ತನ್ನ ಹೊಸ ಶಾಖೆ ತೆರೆದಾಗ ಮೊದಲ ಪ್ರದರ್ಶನಗಳಲ್ಲಿ ಒಂದು ಅವರದಾಗಿತ್ತು.

ಇನ್ನು ಸಿನಿಮಾ. ಇದರ ದಾರಿ ಸ್ವಲ್ಪ ಬೇರೆ. 1960ರಲ್ಲಿ ಪುಣೆಯ ಪ್ರಭಾತ್ ಸ್ಟುಡಿಯೋ ಜಾಗದಲ್ಲಿ ಕೇಂದ್ರ ಸರ್ಕಾರದ ಫಿಲ್ಮ್ ಇನ್‌ಸ್ಟಿಟ್ಯೂಟ್ ಆರಂಭವಾಯಿತು. 1964ರಲ್ಲಿ ಅದೇ ಊರಿನಲ್ಲಿ ಹಳೆಯ ಚಿತ್ರಗಳ ಸಂಗ್ರಹಾಲಯ. ಅಲ್ಲಿನ ನಿರ್ದೇಶನದ ಕೋರ್ಸಿಗೆ ಯಾವುದಾದರೂ ಒಂದು ಪದವಿ ಬೇಕು. ಗಿರೀಶ್ ಕಾಸರವಳ್ಳಿಯವರು ಬಿ.ಫಾರ್ಮಾ ಓದಿ ಅಲ್ಲಿಗೆ ಹೋದವರು. 1977ರ 'ಘಟಶ್ರಾದ್ಧ' ಅವರಿಗೆ ಸ್ವರ್ಣಕಮಲ ತಂದಿತು. ನಮ್ಮ ಬೆಂಗಳೂರಿನ ಕಥೆ ಇನ್ನೂ ಹಳೆಯದು. ಇಂದು ಎಸ್.ಜೆ. ಪಾಲಿಟೆಕ್ನಿಕ್ ಎನ್ನುವ ಸಂಸ್ಥೆಯಲ್ಲಿ 1940ರ ದಶಕದಲ್ಲೇ ಛಾಯಾಗ್ರಹಣ ಕಲಿಸುತ್ತಿದ್ದರು. ಮೈಸೂರಿನ ವಿ.ಕೆ. ಮೂರ್ತಿ ಅಲ್ಲಿ ಕಲಿತೇ ಗುರುದತ್ತರ 'ಕಾಗಜ್ ಕೆ ಫೂಲ್' (1959) ಚಿತ್ರೀಕರಿಸಿದ್ದು. ಮೈಸೂರಿನವರೇ ಆದ ಎಂ.ಎಸ್. ಸತ್ಯು ಕಲಾನಿರ್ದೇಶನದಿಂದ ಬಂದು, ಇಸ್ಮತ್ ಚುಗ್ತಾಯಿಯವರ ಕಥೆಯಿಂದ 'ಗರಂ ಹವಾ' (1973) ಮಾಡಿದರು. ಉರ್ದು ಮೇಷ್ಟ್ರಾದ ನಾನು ಆ ಚಿತ್ರವನ್ನು ಮೂರು ಸಲ ನೋಡಿದ್ದೇನೆ.

ಒಂದು ವಾರದ ನಂತರ ತಂದೆ-ಮಗಳು ಮತ್ತೆ ಬಂದರು. ಏನನ್ನೂ ಬಿಡಬೇಡ, ಸರದಿ ಹಾಕಿಕೋ ಎಂದೆ. ಮೊದಲು ದೃಶ್ಯಕಲೆಯ ನಾಲ್ಕು ವರ್ಷದ ಪದವಿ. ಆರಂಭದಲ್ಲಿ ಎಲ್ಲರಿಗೂ ರೇಖಾಚಿತ್ರ, ಮಣ್ಣು, ಬಣ್ಣ, ಮುದ್ರಣ ಎಲ್ಲವನ್ನೂ ಮುಟ್ಟಿಸಿ ಆಮೇಲೆ ವಿಭಾಗ ಆರಿಸಲು ಬಿಡುವ ಕಾಲೇಜಾದರೆ ಮೇಲು. ಪಠ್ಯಕ್ರಮ ತರಿಸಿ ನೋಡು. ಪ್ರತಿ ವರ್ಷವೂ ಕಲಾ ಇತಿಹಾಸದ ಪತ್ರಿಕೆ ಇದೆಯೇ, ಗ್ರಂಥಾಲಯ ಎಷ್ಟು ಗಂಟೆ ತೆರೆದಿರುತ್ತದೆ ಕೇಳು. ಸಿನಿಮಾ ಪದವಿಯ ನಂತರ. ಅಲ್ಲಿಯವರೆಗೆ ನೋಡಿದ ಪ್ರತಿ ಚಿತ್ರಕ್ಕೂ ಒಂದು ಪುಟ ಬರೆದಿಡು. ಪ್ರವೇಶ ಪರೀಕ್ಷೆಯಲ್ಲಿ ಅಂಕಪಟ್ಟಿಯ ಜೊತೆ ಕೈಯನ್ನೂ ನೋಡುತ್ತಾರೆ, ಆದ್ದರಿಂದ ದಿನವೂ ಎದುರಿಗಿರುವುದನ್ನು ನೋಡಿ ಬರೆಯಬೇಕು, ಕ್ಯಾಲೆಂಡರ್ ನೋಡಿ ಅಲ್ಲ. ಬಣ್ಣ, ಕಾಗದದ ಖರ್ಚು ಫೀಸಿನಾಚೆಗೆ ಬರುತ್ತದೆ ಎಂಬುದನ್ನೂ ತಂದೆಗೆ ಮುಚ್ಚಿಡದೆ ಹೇಳಿದೆ.

ಅವರು ಸ್ವಲ್ಪ ಹೊತ್ತು ಸುಮ್ಮನಿದ್ದು, "ಆ ಶೇಖ್ ಸಾಹೇಬರಿಗೆ ಯುನಿವರ್ಸಿಟಿಯಲ್ಲಿ ಸಂಬಳ ಇತ್ತೇ?" ಎಂದರು. ಇತ್ತು ಎಂದೆ.

ಹುಡುಗಿ ಈಗ ಮೊದಲ ವರ್ಷದಲ್ಲಿದ್ದಾಳೆ. ವಿದ್ಯಾರ್ಥಿವೇತನದ ಅರ್ಜಿ ಮಾತ್ರ 'ಇತರೆ ಎಂದರೆ ಏನು, ವಿವರಿಸಿ' ಎಂಬ ಟಿಪ್ಪಣಿಯೊಂದಿಗೆ ಒಮ್ಮೆ ವಾಪಸು ಬಂತು. 'ದೃಶ್ಯಕಲಾ ಪದವಿ, ನಾಲ್ಕು ವರ್ಷ' ಎಂದು ಬರೆದು ಮತ್ತೆ ಕಳಿಸಿದ್ದೇವೆ. ಮುಂದಿನ ಸಾಲಿನ ಅರ್ಜಿಯಲ್ಲಿ ಇದಕ್ಕೂ ಒಂದು ಚೌಕ ಮುದ್ರಿಸಿ ಎಂದು ನಾನು ಪ್ರತ್ಯೇಕ ಪತ್ರ ಹಾಕಿದ್ದೇನೆ. ಈ ಲೇಖನ ಸಂಪಾದಕರ ಕೈಸೇರುವವರೆಗೆ ಎರಡಕ್ಕೂ ಉತ್ತರ ಬಂದಿಲ್ಲ.