ಕೊಪ್ಪಳದ ಮುತ್ತಿಗೆ

ಹುಲಿಗಿಯ ಹುಣ್ಣಿಮೆಗೆ ನೀವು ಹೋಗಿದ್ದರೆ, ಅಲ್ಲಿಂದ ಪಡುವಣಕ್ಕೆ ಕೊಪ್ಪಳದ ದಾರಿಯನ್ನೂ ಹಿಡಿದಿರಬಹುದು. ಹೆಬ್ಬಂಡೆಗಳನ್ನು ಒಟ್ಟಿದಂತಿರುವ ಅಲ್ಲಿನ ಬೆಟ್ಟದ ನೆತ್ತಿಯಲ್ಲೊಂದು ಕೋಟೆ, ಬುಡದಲ್ಲೊಂದು ಕೋಟೆ. ಇವೆರಡೂ ಸೇರಿ ಹಿಂದೊಮ್ಮೆ ಎರಡು ಸರಕಾರಗಳ ದಂಡನ್ನು ಸುಮಾರು ಆರು ತಿಂಗಳು ತಡೆದು ನಿಲ್ಲಿಸಿದ್ದುವು.

ಸಣ್ಣ ಸೈನ್ಯವು ದೊಡ್ಡ ಸೈನ್ಯವನ್ನು ಎದುರಿಸುವ ಬಗೆ ಯಾವುದು? ಯುರೋಪಿನಲ್ಲಿ ಪ್ರಷ್ಯದ ದೊರೆ ಫ್ರೆಡರಿಕನು 1757ರ ಡಿಸೆಂಬರ್ 5ರಂದು ಲಾಯ್ಥೆನ್ ಎಂಬ ಹಳ್ಳಿಯ ಬಳಿ ಇದಕ್ಕೊಂದು ಉತ್ತರ ಕೊಟ್ಟನು. ತನ್ನ ಸುಮಾರು 35,000 ಜನರನ್ನು ದಿಣ್ಣೆಗಳ ಮರೆಯಲ್ಲಿ ನಡೆಸಿ, ಹೆಚ್ಚುಕಡಿಮೆ ಇಮ್ಮಡಿಯಷ್ಟಿದ್ದ ಆಸ್ಟ್ರಿಯದ ಸೈನ್ಯದ ಒಂದು ಮಗ್ಗುಲಿಗೆ ಎರಗಿದನು. ಕತ್ತಲಾಗುವಷ್ಟರಲ್ಲಿ ಗೆಲುವು ಅವನದಾಯಿತು. ಕೊಪ್ಪಳದಲ್ಲಿ ಕಡಮೆ ಜನಕ್ಕೆ ನೆರವಾದದ್ದು ಕಾಲಿನ ಚುರುಕಲ್ಲ, ಕಲ್ಲು.

ಕೃಷ್ಣಾ ತುಂಗಭದ್ರೆಗಳ ನಡುವಣ ಈ ನೆಲ ಟೀಪೂ ಸುಲ್ತಾನನ ರಾಜ್ಯದ ಬಡಗಣ ಅಂಚಾಗಿದ್ದಿತು. 1786ರಲ್ಲಿ ಆತನು ಪಾಳೆಯಗಾರನೊಬ್ಬನಿಂದ ಕೊಪ್ಪಳವನ್ನು ವಶಪಡಿಸಿಕೊಂಡು, ಕೆಳಗಿನ ಕೋಟೆಯನ್ನು ಫ್ರೆಂಚ್ ಇಂಜಿನಿಯರರಿಂದ ಹೊಸದಾಗಿ ಕಟ್ಟಿಸಿದನು. ಮೂರನೆಯ ಮೈಸೂರು ಯುದ್ಧದಲ್ಲಿ, 1790ರ ಕೊನೆಯ ತಿಂಗಳುಗಳಲ್ಲಿ, ಹೈದರಾಬಾದಿನ ನಿಜಾಮನ ದಂಡೂ ಅದರ ಜೊತೆಗಿದ್ದ ಕಂಪನಿಯ ಮದರಾಸು ಸಿಪಾಯಿಗಳೂ ಬಂದು ಅದನ್ನು ಮುತ್ತಿದರು. ಇಂಥ ಕೋಟೆಯನ್ನು ಬೆನ್ನ ಹಿಂದೆ ಬಿಟ್ಟು ತೆಂಕಣಕ್ಕೆ ನಡೆಯುವುದು ಅಪಾಯವೇ ಸರಿ. ಮುಂದೆ ಮುಂಬಯಿಯ ಗವರ್ನರನಾದ ಜಾನ್ ಮಾಲ್ಕಮ್ ಆಗಿನ್ನೂ ಎಳೆಯ ಅಧಿಕಾರಿ; ಆ ದಂಡಿನಲ್ಲಿ ಅವನೂ ಇದ್ದನು. ಹಿಂದೂಸ್ಥಾನದಲ್ಲಿ ತಾನು ಕಂಡ ಅತಿ ಭದ್ರವಾದ ಕೋಟೆಗಳಲ್ಲಿ ಇದೊಂದೆಂದು ಅವನು ಹೇಳಿದ್ದಾನೆ.

ವರ್ಷ ತಿರುಗಿತು, ಹೊರಗಿನವರು ನುಗ್ಗಿ ಗೆಲ್ಲಲಾಗಲಿಲ್ಲ. ಕೋಟೆಗೆ ಪೆಟ್ಟು ಬಿದ್ದದ್ದು ದೂರದಿಂದ. 1791ರ ಮಾರ್ಚ್ 21ರ ರಾತ್ರಿ ಕಾರ್ನ್‌ವಾಲಿಸನು ಬೆಂಗಳೂರಿನ ಕೋಟೆಯನ್ನು ಹಿಡಿದನು. ಏಪ್ರಿಲ್ ಮೊದಲಲ್ಲಿ ಧಾರವಾಡದ ಕೋಟೆ ಮರಾಠರಿಗೆ ಶರಣಾಯಿತು. ಬೆಂಗಳೂರೇ ಹೋದ ಮೇಲೆ ಕೊಪ್ಪಳಕ್ಕೆ ನೆರವು ಬರುವುದೆಲ್ಲಿಂದ? ಅದೇ ಏಪ್ರಿಲಿನಲ್ಲಿ ಕೊಪ್ಪಳವೂ ನೆರೆಯ ಬಹದ್ದೂರಬಂಡಿಯ ಕೋಟೆಯೂ ಬಾಗಿಲು ತೆರೆದುವು. ಅವರನ್ನು ಸೋಲಿಸಿದ್ದು ಗುಂಡಿಗಿಂತ ಹೆಚ್ಚಾಗಿ ಸುದ್ದಿ.

ಮುಂದೆ 1858ರಲ್ಲಿ ಮುಂಡರಗಿಯ ಭೀಮರಾಯನು ಬ್ರಿಟಿಷರ ವಿರುದ್ಧ ಎದ್ದು ಇದೇ ಕೋಟೆಯನ್ನು ಹಿಡಿದನು. ಆಗ ಅದು ಕೆಲವೇ ದಿನಗಳಲ್ಲಿ ಬಿದ್ದಿತು. ಭೀಮರಾಯನೂ ಅವನ ಅನೇಕ ಸಂಗಡಿಗರೂ ಅಲ್ಲಿಯೇ ಮಡಿದರು. ಬಂಡೆ ಅದೇ, ಗೋಡೆ ಅದೇ. ಆದರೆ ಅವರ ಬೆನ್ನಿಗೆ ರಾಜ್ಯವೆಂಬುದು ಇರಲಿಲ್ಲ. ಕೋಟೆಯ ಬಲವನ್ನು ಗೋಡೆಯ ದಪ್ಪದಿಂದಷ್ಟೇ ಅಳೆಯಬಾರದೆಂದು ಕೊಪ್ಪಳ ಹೀಗೆ ಎರಡು ಸಲ ಸಾಕ್ಷಿ ನುಡಿದಿದೆ.