ಕನ್ನಡಕವೂ ಫಿರಂಗಿಯೂ

ಆಯವ್ಯಯ ಪತ್ರವೆಂದರೆ ಅಂಕಿಗಳ ಕಾಡು. ಅದರೊಳಗೆ ಕಾಲಿಡಲು ನಮ್ಮಂಥವರು ಅಂಜುವುದು ಸಹಜ. ಆದರೆ ಆ ಕಾಡಿನ ಮೂಲೆಯಲ್ಲಿದ್ದ ಒಂದು ಸಣ್ಣ ಅಂಕಿ ಬ್ರಿಟನ್ನಿನ ಮಂತ್ರಿಮಂಡಲವನ್ನು ಒಡೆದ ಪ್ರಸಂಗ ತಿಳಿದುಕೊಳ್ಳತಕ್ಕದ್ದು.

1948ರ ಜುಲೈ 5ರಂದು ಅಲ್ಲಿ ರಾಷ್ಟ್ರೀಯ ಆರೋಗ್ಯ ಸೇವೆ ಆರಂಭವಾಯಿತು. ವೈದ್ಯರು, ಔಷಧಿ, ಆಸ್ಪತ್ರೆ, ಕನ್ನಡಕ, ಕಟ್ಟಿಸಿಕೊಳ್ಳುವ ಹಲ್ಲು, ಎಲ್ಲವೂ ಎಲ್ಲರಿಗೂ ಉಚಿತ; ಖರ್ಚು ಬಹುಪಾಲು ತೆರಿಗೆಯ ಹಣದಿಂದ. ಇದನ್ನು ಕಟ್ಟಿ ನಿಲ್ಲಿಸಿದವರು ಆರೋಗ್ಯ ಮಂತ್ರಿ ಅನೈರಿನ್ ಬೆವನ್. ವೇಲ್ಸಿನ ಕಲ್ಲಿದ್ದಲ ಗಣಿಯಲ್ಲಿ ಹುಡುಗನಾಗಿದ್ದಾಗಲೇ ದುಡಿದವರು. ಕಾಯಿಲೆ ಬಿದ್ದ ಬಡವನ ಪಾಡು ಅವರಿಗೆ ಪುಸ್ತಕದಿಂದ ತಿಳಿದದ್ದಲ್ಲ.

ಜನ ಮುಗಿಬಿದ್ದರು. ಖರ್ಚು ಅಂದಾಜನ್ನು ಮೀರಿತು. 1949ರಲ್ಲಿ ಔಷಧಿಯ ಚೀಟಿಗೆ ಒಂದು ಷಿಲ್ಲಿಂಗ್ ಶುಲ್ಕ ಹಾಕುವ ಅಧಿಕಾರವನ್ನು ಸರ್ಕಾರ ಕಾನೂನಿನ ಮೂಲಕ ಪಡೆಯಿತು. ಬೆವನ್ನರು ಒಲ್ಲದ ಮನಸ್ಸಿನಿಂದ ಅದಕ್ಕೆ ಒಪ್ಪಿದ್ದರು. ಆದರೆ ಶುಲ್ಕ ಜಾರಿಗೆ ಬರಲಿಲ್ಲ.

ಅಷ್ಟರಲ್ಲಿ, 1950ರ ಜೂನ್‌ನಲ್ಲಿ, ಕೊರಿಯಾ ಯುದ್ಧ ಹೊತ್ತಿಕೊಂಡಿತು. ಮೂರು ವರ್ಷಗಳಲ್ಲಿ ಸೈನ್ಯಕ್ಕೆ 470 ಕೋಟಿ ಪೌಂಡು ಎಂದು ಲೇಬರ್ ಸರ್ಕಾರ ನಿಶ್ಚಯಿಸಿತು. 1951ರ ಏಪ್ರಿಲ್ 10ರಂದು ಹಣಕಾಸಿನ ಮಂತ್ರಿ ಹ್ಯೂ ಗೇಟ್ಸ್‌ಕೆಲ್ ಮಂಡಿಸಿದ ಆಯವ್ಯಯದಲ್ಲಿ, ಕನ್ನಡಕ ಮತ್ತು ಹಲ್ಲಿನ ಸೆಟ್ಟಿನ ಬೆಲೆಯಲ್ಲಿ ಸುಮಾರು ಅರ್ಧವನ್ನು ರೋಗಿಯೇ ಕೊಡಬೇಕೆಂಬ ಸಲಹೆಯಿತ್ತು. ಆ ವರ್ಷದ ಉಳಿತಾಯ 1 ಕೋಟಿ 30 ಲಕ್ಷ ಪೌಂಡು ಮಾತ್ರ!

ಗೇಟ್ಸ್‌ಕೆಲ್ಲರ ವಾದವನ್ನೂ ತಳ್ಳಿಹಾಕುವಂತಿಲ್ಲ. ಬೊಕ್ಕಸಕ್ಕೆ ತಳವುಂಟು, ಯಾವುದಾದರೊಂದು ಕಡೆ ಗೆರೆ ಎಳೆಯಲೇಬೇಕು. ಬೆವನ್ನರ ವಾದ ಬೇರೆ: ಇಂದು ಹಲ್ಲು ಕಣ್ಣುಗಳಿಗೆ ಬೆಲೆ ಕಟ್ಟಿದರೆ ನಾಳೆ ಇನ್ನಾವುದಕ್ಕೊ? ಅಲ್ಲದೆ, ಸೈನ್ಯಕ್ಕೆಂದು ಬರೆದಿಟ್ಟ ಹಣವನ್ನು ಖರ್ಚುಮಾಡಲು ಬೇಕಾದ ಸಾಮಗ್ರಿಯೂ ಯಂತ್ರಗಳೂ ದೇಶದಲ್ಲಿಲ್ಲ. ಇಬ್ಬರನ್ನೂ ಸಮಾಧಾನಪಡಿಸಬೇಕಾಗಿದ್ದ ಪ್ರಧಾನಿ ಆಟ್ಲಿಯವರು ಕರುಳಿನ ಹುಣ್ಣಿನಿಂದ ಆಸ್ಪತ್ರೆಯಲ್ಲಿ ಮಲಗಿದ್ದರು. ಏಪ್ರಿಲ್ ಕೊನೆಯ ವಾರದಲ್ಲಿ ಬೆವನ್, ಹೆರಾಲ್ಡ್ ವಿಲ್ಸನ್ ಮತ್ತು ಜಾನ್ ಫ್ರೀಮನ್ ರಾಜೀನಾಮೆಯಿತ್ತರು. ಅಕ್ಟೋಬರಿನ ಚುನಾವಣೆಯಲ್ಲಿ ಪಕ್ಷ ಸೋತಿತು.

ಮುಂದಿನ ಕಥೆ ಇನ್ನೂ ಸ್ವಾರಸ್ಯವಾಗಿದೆ. ಅಧಿಕಾರಕ್ಕೆ ಬಂದ ಚರ್ಚಿಲ್ಲರು, ಆ ಸೈನಿಕ ವೆಚ್ಚ ನಿಗದಿಯಾದ ಕಾಲದಲ್ಲಿ ಪೂರೈಸದೆಂದು 1951ರ ಡಿಸೆಂಬರಿನಲ್ಲೇ ಒಪ್ಪಿಕೊಂಡರು. 1952ರಲ್ಲಿ ಅವರದೇ ಸರ್ಕಾರ ಔಷಧಿಯ ಚೀಟಿಗೂ ಒಂದು ಷಿಲ್ಲಿಂಗ್ ಹಾಕಿತು. ಬೆವನ್ನರ ಭಯ ಸುಳ್ಳಾಗಲಿಲ್ಲ. ಆರೋಗ್ಯ ಸೇವೆ ದುಂದುಗಾರನೆಂಬ ಅಪವಾದವನ್ನು ವಿಚಾರಿಸಿದ ಗಿಲ್‌ಬೋ ಸಮಿತಿ, ರಾಷ್ಟ್ರೀಯ ಉತ್ಪನ್ನದಲ್ಲಿ ಅದರ ಪಾಲು ಇಳಿದಿದೆಯೆಂದು 1956ರಲ್ಲಿ ವರದಿ ಮಾಡಿತು. ಬೆವನ್ನರೊಡನೆ ಹೊರನಡೆದಿದ್ದ ವಿಲ್ಸನ್ನರು ಪ್ರಧಾನಿಯಾಗಿ 1965ರಲ್ಲಿ ಚೀಟಿಯ ಶುಲ್ಕವನ್ನು ತೆಗೆದರು. ಹಣದ ಮುಗ್ಗಟ್ಟಿನಲ್ಲಿ ಸಿಕ್ಕಿ 1968ರಲ್ಲಿ ತಾವೇ ಮತ್ತೆ ಹೇರಿದರು. ಕುರ್ಚಿ ಬದಲಾದಾಗ ಗೇಟ್ಸ್‌ಕೆಲ್ಲರ ಲೆಕ್ಕ ಅವರ ಕೈಗೇ ಬಂದಿತ್ತು.

ಆ ಶುಲ್ಕ ಇಂಗ್ಲೆಂಡಿನಲ್ಲಿ ಇಂದಿಗೂ ಉಂಟು. ಬೆವನ್ನರ ತವರಾದ ವೇಲ್ಸ್ ಮಾತ್ರ 2007ರಲ್ಲಿ ಅದನ್ನು ಕಿತ್ತುಹಾಕಿತು. ಆಯವ್ಯಯದಲ್ಲಿ ದೊಡ್ಡ ಮೊತ್ತಗಳು ಸದ್ದಿಲ್ಲದೆ ಸಾಗಿಹೋಗುತ್ತವೆ; ರಾಜ್ಯವೊಂದು ಯಾರ ಪರ ನಿಂತಿದೆಯೆಂಬುದು ಎಷ್ಟೋ ವೇಳೆ ಸಣ್ಣ ಸಾಲುಗಳಲ್ಲೇ ತೀರ್ಮಾನವಾಗುತ್ತದೆ. ಅವನ್ನು ಓದಲು ನಮಗೂ ಒಂದು ಕನ್ನಡಕ ಬೇಕು.