ಬೇಲಿ ಮೊದಲು, ತೋಟ ಆಮೇಲೆ

ಇಂಗ್ಲೆಂಡಿನ ನೈರುತ್ಯ ತುದಿ ಲ್ಯಾಂಡ್ಸ್ ಎಂಡ್. ಅಲ್ಲಿಂದ ಇನ್ನೂ ಸುಮಾರು 45 ಕಿಲೋಮೀಟರ್ ಅಟ್ಲಾಂಟಿಕ್ ಸಾಗರದೊಳಗೆ ಹೋದರೆ ಸಿಲ್ಲಿ ದ್ವೀಪಗಳು ಸಿಗುತ್ತವೆ. ಅವುಗಳಲ್ಲಿ ಒಂದು ಟ್ರೆಸ್ಕೊ. ದಕ್ಷಿಣ ಆಫ್ರಿಕಾದ ಪ್ರೋಟಿಯಾ, ಆಸ್ಟ್ರೇಲಿಯಾದ ಬ್ಯಾಂಕ್ಸಿಯಾ, ನ್ಯೂಜಿಲೆಂಡಿನ ಪೊಹುತುಕಾವ ಇಲ್ಲಿನ ತೋಟದಲ್ಲಿ ಗಾಜಿನ ಮನೆಯ ಹಂಗಿಲ್ಲದೆ ಬಯಲಲ್ಲೇ ಬೆಳೆಯುತ್ತವೆ. ಹೆಚ್ಚುಕಡಿಮೆ ಇದೇ ಅಕ್ಷಾಂಶದಲ್ಲಿರುವ ಕೆನಡಾದ ವಿನ್ನಿಪೆಗ್‌ನಲ್ಲಿ ಜನವರಿಯಲ್ಲಿ ಮಣ್ಣು ಹೆಪ್ಪುಗಟ್ಟಿ ಕಲ್ಲಾಗಿರುತ್ತದೆ.

ಸುತ್ತಲಿನ ಸಮುದ್ರ ಬೆಚ್ಚಗಿದೆ, ಅದಕ್ಕೇ ಇದೆಲ್ಲ ಸಾಧ್ಯ ಎನ್ನುವುದು ಸಾಮಾನ್ಯ ವಿವರಣೆ. ಅದು ಅರ್ಧ ಮಾತ್ರ ನಿಜ. ಸಮುದ್ರ ಚಳಿಯನ್ನು ತಡೆಯುತ್ತದೆ, ಆದರೆ ಗಾಳಿಯನ್ನೂ ಉಪ್ಪನ್ನೂ ತರುವುದು ಅದೇ ಸಮುದ್ರ. ಎಲೆ ಉದುರಿಸುವ ಮರ ಚಳಿಗಾಲದಲ್ಲಿ ಬೋಳಾಗಿ ನಿದ್ದೆ ಹೋಗುತ್ತದೆ. ನಿತ್ಯಹಸುರು ಪೊದೆಗೆ ಆ ಸೌಲಭ್ಯವಿಲ್ಲ. ವರ್ಷವಿಡೀ ಎಲೆ ಹೊತ್ತು ನಿಂತಿರಬೇಕು, ಬಿರುಗಾಳಿ ಅದೇ ಎಲೆಗಳ ತೇವ ಹೀರುತ್ತದೆ, ಉಪ್ಪಿನ ಹನಿ ಅವನ್ನು ಸುಡುತ್ತದೆ. ನಮ್ಮ ಕರಾವಳಿಯಲ್ಲಿ ಕಡಲ ದಂಡೆಗೆ ಗಾಳಿಮರ ನೆಟ್ಟು ಅದರ ಹಿಂದೆ ಬೇಸಾಯ ಮಾಡುವವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ.

1834ರಲ್ಲಿ ಅಗಸ್ಟಸ್ ಸ್ಮಿತ್ ಎಂಬ ಶ್ರೀಮಂತ ಈ ದ್ವೀಪಗಳನ್ನು ಗುತ್ತಿಗೆಗೆ ಪಡೆದಾಗ ಅಲ್ಲಿ ಮರಗಳೇ ಇರಲಿಲ್ಲ ಎನ್ನಬಹುದು. ಆತ ಲಂಡನ್ ಸಮೀಪದ ಹರ್ಟ್‌ಫರ್ಡ್‌ಶೈರ್‌ನವನು. ಟ್ರೆಸ್ಕೊದಲ್ಲಿ ಪಾಳುಬಿದ್ದಿದ್ದ ಹಳೆಯ ಬೆನೆಡಿಕ್ಟೈನ್ ಮಠದ ಹತ್ತಿರ ಮನೆ ಕಟ್ಟಿಸಿದ. ಮಠದ ಗೋಡೆಗಳ ಆಸರೆಯಲ್ಲಿ ತೋಟ ಶುರುವಾಯಿತು. ಮೊದಲ ಗಾಳಿತಡೆಗೆಂದು ಗಾರ್ಸ್ ಎಂಬ ಹಳದಿ ಹೂವಿನ ಮುಳ್ಳುಪೊದೆಯ ಬೀಜ ಬಿತ್ತಿದರು. (ಇದೇ ಗಿಡ ಬ್ರಿಟಿಷರ ಜೊತೆ ನೀಲಗಿರಿ ಬೆಟ್ಟಕ್ಕೂ ಬಂತು. ಅಲ್ಲಿ ಅದೀಗ ಹುಲ್ಲುಗಾವಲು ನುಂಗುವ ಕಳೆ.) ಲಂಡನ್ನಿನ ಕ್ಯೂ ಸಸ್ಯೋದ್ಯಾನದಿಂದ ಸಸಿಗಳು ಬಂದವು. ದಕ್ಷಿಣಕ್ಕೆ ಮುಖ ಮಾಡಿದ ಇಳಿಜಾರನ್ನು ಮೆಟ್ಟಿಲು ಮೆಟ್ಟಿಲಾಗಿ ಕಡಿದು, ಒಣ ಮಣ್ಣು ಬಯಸುವ ಗಿಡಗಳನ್ನು ಮೇಲೆ, ನೆರಳು ಮತ್ತು ತೇವ ಬಯಸುವ ಗಿಡಗಳನ್ನು ಕೆಳಗೆ ನೆಟ್ಟರು.

ತೋಟದ ಬಗ್ಗೆ ಬರೆಯುವವರು ಇಲ್ಲಿಂದ ನೇರ ಹೂವಿನ ವರ್ಣನೆಗೆ ಹೋಗುತ್ತಾರೆ. ತಾಲ್ಲೂಕು ಕಚೇರಿಯಲ್ಲಿ ಗೋಮಾಳದ ವ್ಯಾಜ್ಯಗಳ ಕಡತ ಓದಿ ಓದಿ ನನಗೆ ಬೇರೆಯೇ ಚಟ ಹತ್ತಿದೆ. ಎಲ್ಲಿ ಬೇಲಿ ಕಂಡರೂ ಹಾಕಿದವರು ಯಾರು, ಅದರ ಹೊರಗೆ ಉಳಿದವರು ಯಾರು ಎಂದು ಕೇಳಬೇಕೆನಿಸುತ್ತದೆ.

ಸ್ಮಿತ್ ದ್ವೀಪಗಳಿಗೆ ಬಂದಾಗ ಜನ ಕಡುಬಡವರು. ಕಡಲಕಳೆ ಸುಟ್ಟು ಬೂದಿ ಮಾರುವ ಕಸುಬು ಮುಳುಗುತ್ತಿತ್ತು. ಅಪ್ಪನ ಹೊಲವನ್ನು ಮಕ್ಕಳು ಹಂಚಿಕೊಂಡು ಒಬ್ಬರಿಗೂ ಹೊಟ್ಟೆ ತುಂಬದಂಥ ತುಂಡುಗಳಾಗಿದ್ದವು. ಆತ ಹೊಲ ಒಡೆಯುವುದನ್ನು ನಿಷೇಧಿಸಿದ. ಮಕ್ಕಳು ಶಾಲೆಗೆ ಹೋಗಲೇಬೇಕು ಎಂದ, ಅದೂ ಇಂಗ್ಲೆಂಡಿನಲ್ಲಿ ಅಂಥ ಕಾನೂನು ಬರುವ ದಶಕಗಳ ಮೊದಲು. ಮಾತು ಕೇಳದವರು, ಕೆಲಸವಿಲ್ಲದವರು ದ್ವೀಪ ಬಿಡಬೇಕಾಯಿತು. 1855ರಲ್ಲಿ ಪಕ್ಕದ ಸ್ಯಾಮ್ಸನ್ ದ್ವೀಪದಲ್ಲಿ ಉಳಿದಿದ್ದ ಕೊನೆಯ ಕುಟುಂಬಗಳನ್ನೂ ತೆರವು ಮಾಡಿಸಿದ. ಬಂಡೆಗೆ ಅಂಟಿದ ಚಿಪ್ಪುಜೀವಿ ತಿಂದು ಬದುಕುವ ಸ್ಥಿತಿಯಲ್ಲಿದ್ದರು, ಅವರ ಒಳ್ಳೆಯದಕ್ಕೇ ಮಾಡಿದ್ದು ಎಂದು ಸಮರ್ಥಿಸುವವರಿದ್ದಾರೆ. ಆದರೆ ಖಾಲಿಯಾದ ದ್ವೀಪವನ್ನು ಆತ ಜಿಂಕೆವನ ಮಾಡಹೊರಟ. ಜಿಂಕೆಗಳೂ ಅಲ್ಲಿ ನಿಲ್ಲಲಿಲ್ಲ.

ವಿಚಿತ್ರವೆಂದರೆ, ಇದೇ ಸ್ಮಿತ್ 1866ರಲ್ಲಿ ತನ್ನ ಊರ ಕಡೆಯ ಬರ್ಕ್‌ಹ್ಯಾಮ್‌ಸ್ಟೆಡ್‌ನಲ್ಲಿ ಜನರ ಗೋಮಾಳದ ಹಕ್ಕಿಗಾಗಿ ಹೋರಾಡಿದ. ಜಮೀನ್ದಾರ ಲಾರ್ಡ್ ಬ್ರೌನ್‌ಲೋ ಅಲ್ಲಿ ಕಬ್ಬಿಣದ ಬೇಲಿ ಹಾಕಿಸಿದ್ದ. ಸ್ಮಿತ್ ಲಂಡನ್ನಿನಿಂದ ನೂರಕ್ಕೂ ಹೆಚ್ಚು ಕೂಲಿಯಾಳುಗಳನ್ನು ರಾತ್ರಿ ರೈಲಿನಲ್ಲಿ ಕರೆಸಿ, ಬೆಳಗಾಗುವುದರೊಳಗೆ ಬೇಲಿ ಕಿತ್ತುಹಾಕಿಸಿದ. 1870ರಲ್ಲಿ ನ್ಯಾಯಾಲಯವೂ ಅವನ ಪರ ತೀರ್ಪು ಕೊಟ್ಟಿತು. ಊರಲ್ಲಿ ಬೇಲಿ ಕಿತ್ತವನು ದ್ವೀಪದಲ್ಲಿ ಒಡೆಯ. ಈ ಎರಡನ್ನೂ ಸೇರಿಸಿ ಒಂದು ಸರಳ ಚಿತ್ರ ಮಾಡುವ ಗೋಜಿಗೆ ನಾನು ಹೋಗುವುದಿಲ್ಲ.

1872ರಲ್ಲಿ ಆತ ತೀರಿಕೊಂಡ. ಉತ್ತರಾಧಿಕಾರಿಯಾಗಿ ಬಂದ ಸೋದರನ ಮಗ ಥಾಮಸ್ ಆಲ್ಜರ್ನನ್ ಡೋರಿಯನ್-ಸ್ಮಿತ್ ಎರಡು ದೊಡ್ಡ ಕೆಲಸ ಮಾಡಿದ. ಒಂದು, ತೋಟದ ಸುತ್ತ ಕ್ಯಾಲಿಫೋರ್ನಿಯಾದ ಮಾಂಟೆರೆ ಸೈಪ್ರೆಸ್ ಮತ್ತು ಮಾಂಟೆರೆ ಪೈನ್ ಮರಗಳ ಪಟ್ಟಿ ಬೆಳೆಸಿದ್ದು. ಇನ್ನೊಂದು, ರೈತರನ್ನು ಹೂವಿನ ಬೇಸಾಯಕ್ಕೆ ಹಚ್ಚಿದ್ದು. ಇಂಗ್ಲೆಂಡಿನ ಉಳಿದ ಕಡೆಗಿಂತ ವಾರಗಟ್ಟಲೆ ಮೊದಲೇ ಇಲ್ಲಿ ನಾರ್ಸಿಸಸ್ ಹೂ ಅರಳುತ್ತಿತ್ತು. ಮೊದಲ ಹೂಗಳನ್ನು ಹ್ಯಾಟಿನ ಪೆಟ್ಟಿಗೆಯಲ್ಲಿ ಲಂಡನ್ ಮಾರುಕಟ್ಟೆಗೆ ಕಳಿಸಿದರೆಂಬ ಕಥೆಯನ್ನು ದ್ವೀಪದವರು ಈಗಲೂ ಹೇಳುತ್ತಾರೆ.

ಹೂವಿನ ಹೊಲಕ್ಕೂ ಗಾಳಿಯದೇ ಕಾಟ. ಹೊರನಾಡಿನ ನಿತ್ಯಹಸುರು ಪೊದೆಗಳು ಅಲಂಕಾರದ ಪಟ್ಟ ಬಿಟ್ಟು ದುಡಿಮೆಗೆ ಇಳಿದದ್ದು ಇಲ್ಲಿ. ನ್ಯೂಜಿಲೆಂಡಿನ ಪಿಟ್ಟೋಸ್ಪೋರಮ್, ದಕ್ಷಿಣ ಅಮೆರಿಕದ ಎಸ್ಕಲೋನಿಯಾ, ಜಪಾನಿನ ಯೂಯೋನಿಮಸ್ ಬರಬರುತ್ತಾ ಹೊಲದ ಬೇಲಿಗಳಾದವು. ಇವುಗಳ ಎಲೆ ದಪ್ಪ, ಚರ್ಮದಂತೆ ಗಟ್ಟಿ, ಉಪ್ಪು ತಾಗಿದರೂ ಸುಲಭಕ್ಕೆ ಸುಡದು. ಕಲ್ಲಿನ ಗೋಡೆಗೆ ಬಡಿದ ಗಾಳಿ ಮೇಲೆ ಹಾರಿ ಆಚೆ ಬದಿಯಲ್ಲಿ ಸುಳಿಯಾಗಿ ಬೀಳುತ್ತದೆ. ಗಿಡಬೇಲಿಯಾದರೆ ಸ್ವಲ್ಪ ಗಾಳಿಯನ್ನು ತನ್ನೊಳಗೆ ಸೋಸಿ ಬಿಡುತ್ತದೆ, ವೇಗ ತಗ್ಗುತ್ತದೆ. ಬೇಲಿಯ ಎತ್ತರದ ಸುಮಾರು ಹತ್ತು ಪಟ್ಟು ದೂರದವರೆಗೂ ಅದರ ಆಸರೆ ಸಿಗುತ್ತದೆ. ಹಾಗಾಗಿ ಸಿಲ್ಲಿಯ ಹೂಹೊಲಗಳು ಸಣ್ಣ ಸಣ್ಣ ಚೌಕಗಳು, ಸುತ್ತಲೂ ಆಳೆತ್ತರ ಮೀರಿದ ಹಸಿರು ಗೋಡೆ. ಬೇಲಿಗೂ ಜಾಗ ಬೇಕು, ಗೊಬ್ಬರ ಬೇಕು, ಕತ್ತರಿಸಲು ಆಳು ಬೇಕು. ರೈತನ ಲೆಕ್ಕದಲ್ಲಿ ಅದೂ ಒಂದು ಬೆಳೆಯೇ.

1987ರ ಜನವರಿಯಲ್ಲಿ ಅಪರೂಪಕ್ಕೆ ಹಿಮ ಬಿತ್ತು, ನೀರು ಹೆಪ್ಪುಗಟ್ಟಿತು. ಟ್ರೆಸ್ಕೊ ತೋಟದ ಬಹುಪಾಲು ಗಿಡಗಳು ಸತ್ತವು. ಅದರಿಂದ ಚೇತರಿಸಿಕೊಳ್ಳುವ ಮುಂಚೆಯೇ, 1990ರ ಜನವರಿ 25ರ ಬಿರುಗಾಳಿ ಹಳೆಯ ಸೈಪ್ರೆಸ್, ಪೈನ್ ಮರಗಳ ಪಟ್ಟಿಯನ್ನೇ ಉರುಳಿಸಿತು. ಎರಡನೆಯ ಪೆಟ್ಟೇ ದೊಡ್ಡದು ಎಂದು ನನಗನಿಸುತ್ತದೆ. ಸತ್ತ ಪ್ರೋಟಿಯಾದ ಜಾಗಕ್ಕೆ ಕ್ಯೂನಿಂದ ಮತ್ತೆ ಸಸಿ ತರಿಸಬಹುದು, ಹಾಗೆ ತರಿಸಿದರು ಕೂಡ. ನೂರು ವರ್ಷದ ಗಾಳಿತಡೆಯನ್ನು ಯಾವ ಉದ್ಯಾನವೂ ಕಳಿಸಿಕೊಡಲಾರದು. ಬಿದ್ದ ಮರಗಳನ್ನು ಕಡಿದು ಸಾಗಿಸಿ, ಗಾಳಿ ತಡೆಯುವ ಸಸಿಗಳನ್ನು ಸಾವಿರಾರು ಸಂಖ್ಯೆಯಲ್ಲಿ ಹೊಸದಾಗಿ ನೆಟ್ಟರು. ಸ್ಯಾಮ್ಸನ್‌ನಲ್ಲಿ ಈಗಲೂ ಜನವಸತಿಯಿಲ್ಲ. ತೆರವಾದವರ ಸೂರಿಲ್ಲದ ಕಲ್ಲಿನ ಮನೆಗಳು ಟ್ರೆಸ್ಕೊದಿಂದ ದೋಣಿಯಲ್ಲಿ ಸ್ವಲ್ಪ ಹೊತ್ತಿನ ದಾರಿ.